ಯೋಚನೆಗಳ ಪದರ ಇದೆ, ಮಂಡ್ಯದ ಕಬ್ಬಿನ ಗದ್ದೆಯಲ್ಲೇ ಇದೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಭೂಮಿಯ ಸುತ್ತ ಗಾಳಿಯ ಪದರ ಇರುವ ಹಾಗೆ ಮನುಷ್ಯರ ಯೋಚನೆಗಳೆಲ್ಲ ಸೇರಿದ ಒಂದು ಪದರ, ಅಂದರೆ ‘ನೂಸ್ಫಿಯರ್’, ನಿಜವಾಗಿ ಇದೆಯಾ? ಇದ್ದರೆ ಧ್ಯಾನಕ್ಕೆ ಕೂತು ಅದರಿಂದ ವಿಷಯ ತಿಳಿದುಕೊಳ್ಳಬಹುದಾ? ಮೊದಲನೆಯದಕ್ಕೆ ಹೌದು ಅಂತೀನಿ, ಎರಡನೆಯದಕ್ಕೆ ಇಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಇಷ್ಟು ಗೊಂದಲ.

ಈ ವಿಚಾರ ರೂಪ ಪಡೆದದ್ದು 1920ರ ದಶಕದ ಪ್ಯಾರಿಸ್‌ನಲ್ಲಿ, ಮೂವರ ಒಡನಾಟದಲ್ಲಿ. ವ್ಲಾದಿಮಿರ್ ವೆರ್ನಾಡ್‌ಸ್ಕಿ ರಷ್ಯಾದ ಭೂರಸಾಯನ ವಿಜ್ಞಾನಿ. ಟೇಯಾರ್ ದ ಶಾರ್ಡಾಂ ಜೆಸ್ಯೂಟ್ ಪಾದ್ರಿ, ಜೊತೆಗೆ ಪಳೆಯುಳಿಕೆಗಳನ್ನು ಓದಿದವರು. ಎದುವಾರ್ ಲ ರುವಾ ಗಣಿತ ಕಲಿತ ತತ್ವಜ್ಞಾನಿ. ಮೂವರೂ ಬಳಸಿದ ಹೆಸರು ಒಂದೇ, ಅರ್ಥ ಮಾತ್ರ ಬೇರೆ ಬೇರೆ. ಯೋಚನೆಗಳು ಹತ್ತಿರ ಹತ್ತಿರ ಬಂದು ಕೊನೆಗೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ ಅಂತ ಟೇಯಾರ್ ನಂಬಿದ್ದರು. ಅವರ ಮುಖ್ಯ ಪುಸ್ತಕಕ್ಕೆ ಚರ್ಚ್ ಒಪ್ಪಿಗೆ ಸಿಗಲಿಲ್ಲ, 1955ರಲ್ಲಿ ಅವರು ತೀರಿಕೊಂಡ ಮೇಲೆಯೇ ಅದು ಹೊರಬಂತು. ನೊಬೆಲ್ ಪಡೆದ ಜೀವವಿಜ್ಞಾನಿ ಪೀಟರ್ ಮೆಡಾವರ್ 1961ರಲ್ಲಿ ಅದನ್ನು ಬಹಳ ಕಟುವಾಗಿ ಟೀಕಿಸಿದರು.

ನನಗೆ ಹಿಡಿಸೋದು ವೆರ್ನಾಡ್‌ಸ್ಕಿ. ಅವರು ಆಕಾಶ ನೋಡಲಿಲ್ಲ, ನೆಲ ನೋಡಿದರು. ಮನುಷ್ಯನ ಯೋಚನೆ ಈಗ ನದಿ, ಗಾಳಿ, ಜ್ವಾಲಾಮುಖಿಗಳ ಹಾಗೆ ಭೂಮಿಯ ಮೇಲ್ಪದರವನ್ನೇ ಬದಲಾಯಿಸುವ ಶಕ್ತಿಯಾಗಿದೆ ಅನ್ನೋದು ಅವರ ವಾದ. ಅವರು ಕೊಟ್ಟ ಉದಾಹರಣೆ ಅಲ್ಯೂಮಿನಿಯಂ. ಆ ಲೋಹ ಪ್ರಕೃತಿಯಲ್ಲಿ ಬೇರೆ ಧಾತುಗಳ ಜೊತೆ ಬೆರೆತೇ ಸಿಗುತ್ತದೆ. ಅದನ್ನು ಬಿಡಿಸಿ ರಾಶಿ ರಾಶಿ ತಯಾರಿಸಿದ್ದು ಮನುಷ್ಯನ ತಲೆ.

ಮಂಡ್ಯ ಕಡೆಯವನಾದ ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣಲಿಲ್ಲ. ನಮ್ಮ ಗದ್ದೆಯ ಒಂದು ಜಲ್ಲೆ ಕಬ್ಬು ಸಾಕು. ದಪ್ಪ ಕಬ್ಬನ್ನು ಮೊದಲು ಬೆಳೆಸಿ ಪಳಗಿಸಿದವರು ಸಾವಿರಾರು ವರ್ಷಗಳ ಹಿಂದಿನ ನ್ಯೂಗಿನಿಯ ಜನ. ಒಬ್ಬರ ಹೆಸರೂ ಉಳಿದಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಯಿತು. ಅಲ್ಲಿನ ವಿಜ್ಞಾನಿಗಳಾದ ಚಾರ್ಲ್ಸ್ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಆ ದಪ್ಪ ಕಬ್ಬಿಗೆ ನಮ್ಮ ನೆಲದ ಕಾಡು ಜಾತಿಯನ್ನು ಸೇರಿಸಿ ಮಿಶ್ರತಳಿ ಮಾಡಿದರು. ನೋಡೋಕೆ ಅದು ಬರೀ ಹುಲ್ಲು, ಸಿಹಿ ಇಲ್ಲ, ಆದರೆ ಗಟ್ಟಿ ಜೀವ. 1918ರಲ್ಲಿ ‘ಕೋ 205’ ಅನ್ನೋ ತಳಿ ಬಂತು. ಇವತ್ತು ನಮ್ಮೂರಲ್ಲಿ ‘ಕೋ 62175’ ಅಂತ ನಂಬರ್ ಹೇಳಿ ಕಬ್ಬು ಕೇಳುತ್ತಾರಲ್ಲ, ಆ ‘ಕೋ’ ಕೊಯಮತ್ತೂರಿನದೇ. ಇಂಥ ಗಿಡ ಕಾಡಿನಲ್ಲಿ ತಾನಾಗಿ ಎಲ್ಲೂ ಬೆಳೆದದ್ದಲ್ಲ.

ಇನ್ನು ನೀರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಆಮೇಲೆ ವಿಸಿ (ವಿಶ್ವೇಶ್ವರಯ್ಯ) ನಾಲೆ ಹುಲಿಕೆರೆ ಸುರಂಗದಲ್ಲಿ ಗುಡ್ಡ ಕೊರೆದುಕೊಂಡು ಈ ಕಡೆ ಬಂತು. ರಾಗಿ, ಹುರುಳಿ ಬೆಳೆದು ಮಳೆಗೆ ಕಾಯುತ್ತಿದ್ದ ನೆಲ ಗದ್ದೆಯಾಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ವಿಮಾನದಲ್ಲಿ ಹೋಗುವಾಗ ಮೇಲಿಂದ ಕಾಣುವ ಆ ಹಸಿರು ಮಳೆಯಿಂದ ಬಂದದ್ದಲ್ಲ. ಯಾರೋ ಕಾಗದದ ಮೇಲೆ ಹಾಕಿದ ಲೆಕ್ಕ ನೆಲಕ್ಕಿಳಿದದ್ದು. ಪದರ ಅಂದರೆ ನನ್ನ ಮಟ್ಟಿಗೆ ಇದೇ.

ಎಲ್ಲ ಯೋಚನೆಯೂ ಕಾಗದದಲ್ಲಿ ಇರೋದಿಲ್ಲ. ನಮ್ಮೂರ ಆಲೆಮನೆಗೆ ಬನ್ನಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಹಾಲು ಅಂದರೆ ಇಲ್ಲಿ ಕಬ್ಬಿನ ಹಾಲು. ಸುಣ್ಣ ಹಾಕಿ, ಮೇಲೆ ಬಂದ ಕೊಳೆ ನೊರೆ ತೆಗೆದು ಕಾಯಿಸುತ್ತಾ ಇರುತ್ತಾರೆ. ಪಾಕ ದಪ್ಪಗಾದಾಗ ಹದ ನೋಡುವವರು ಒಂದಿಷ್ಟು ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಗುಳ್ಳೆ ಒಡೆಯುವ ಸದ್ದು ಬದಲಾದದ್ದು ಅವರ ಕಿವಿಗೆ ಮೊದಲೇ ಗೊತ್ತಾಗಿರುತ್ತದೆ. ಸ್ವಲ್ಪ ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲೋದಿಲ್ಲ, ತಡವಾದರೆ ಸೀದು ಹೋಗುತ್ತದೆ. ಚೌಳು ನೆಲದ ಕಬ್ಬಾದರೆ ಹದವೇ ಬೇರೆ. ‘ಹೇಗಣ್ಣ ಗೊತ್ತಾಗುತ್ತೆ?’ ಅಂತ ಕೇಳಿದರೆ, ‘ನೋಡ್ತಾ ನೋಡ್ತಾ ಬರುತ್ತೆ ಕಣಪ್ಪ’ ಅನ್ನುತ್ತಾರೆ, ಅಷ್ಟೇ. ಅದು ಅವರೊಬ್ಬರ ಬುದ್ಧಿ ಅಲ್ಲ. ಹತ್ತಾರು ತಲೆಮಾರಿನವರು ನೋಡಿ ಕಲಿತು ಮುಂದಿನವರ ಕೈಗೆ ಕೊಟ್ಟದ್ದು. ಪಕ್ಕದಲ್ಲಿ ನಿಂತು ಕಲಿಯುವ ಹುಡುಗ ಇಲ್ಲದಿದ್ದರೆ ಅದು ಗಾಳಿಯಲ್ಲಿ ಎಲ್ಲೋ ಉಳಿದಿರುತ್ತೆ ಅಂತ ನಾನು ನಂಬೋದಿಲ್ಲ. ಹೋದರೆ ಹೋದದ್ದೇ.

ಅದಕ್ಕೇ ಧ್ಯಾನದ ಪ್ರಶ್ನೆಗೆ ಇಲ್ಲ ಅಂದಿದ್ದು. ಧ್ಯಾನದಿಂದ ಮನಸ್ಸಿಗೆ ಸಮಾಧಾನ ಸಿಗಬಹುದು, ಬೆಲ್ಲದ ಹದ ಸಿಗೋದಿಲ್ಲ. ಕೋಟ್ಯಂತರ ಜನರ ಮನಸ್ಸು ಒಟ್ಟಿಗೆ ಕಲಕಿದಾಗ ಅದು ಯಂತ್ರಗಳಲ್ಲೂ ಕಾಣುತ್ತಾ ಅಂತ ನೋಡಲು 1998ರಿಂದ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಒಂದು ಯೋಜನೆ ನಡೆಯಿತು. ಗೊತ್ತುಗುರಿಯಿಲ್ಲದೆ ಅಂಕಿ ಉದುರಿಸುವ ಯಂತ್ರಗಳನ್ನು ಬೇರೆ ಬೇರೆ ದೇಶಗಳಲ್ಲಿ ಇಟ್ಟು ಗಮನಿಸಿದರು. ಪರಿಣಾಮ ಕಂಡಿತು ಅಂತ ಅವರು ಹೇಳಿದರೂ ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ. ಯಾವ ಘಟನೆ, ಎಷ್ಟು ಹೊತ್ತು ಅಂತ ಆರಿಸಿಕೊಳ್ಳುವುದರಲ್ಲೇ ಫಲಿತಾಂಶ ವಾಲಿಬಿಡಬಹುದು ಅನ್ನೋದು ಆಕ್ಷೇಪ. ನನಗೂ ಅದು ಸರಿ ಅನಿಸುತ್ತದೆ.

ಟೇಯಾರ್ ಹೇಳಿದ ಹಾಗೆ ಎಲ್ಲರ ಮನಸ್ಸು ಒಂದಾಗುತ್ತಾ? ಕಾವೇರಿ ತೀರದಲ್ಲಿ ಬೆಳೆದವರು ಅದನ್ನು ನಂಬೋದು ಕಷ್ಟ. 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್. ಇಷ್ಟಾದರೂ ಮಳೆ ಕೈಕೊಟ್ಟ ವರ್ಷ ನಮ್ಮವರು ಹೆದ್ದಾರಿಗೆ ಬಂದು ಕೂರುತ್ತಾರೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟರೆ ಮೇಲಿನ ಗದ್ದೆಯವರಿಗೂ ಕೊನೆ ಭಾಗದವರಿಗೂ ಮಾತು ಬೆಳೆಯುತ್ತದೆ. ಹೀಗಿದ್ದೂ ಒಂದು ಗಮನಿಸಿ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ (ಶತಕೋಟಿ ಘನ ಅಡಿ) ನೀರನ್ನು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕು ಅಂತ ಕೋರ್ಟ್ ಹೇಳಿದಾಗ ಎರಡೂ ರಾಜ್ಯದವರಿಗೆ ಆ ಅಂಕಿಯ ಅರ್ಥ ಒಂದೇ ಆಗಿತ್ತು. ಎಷ್ಟು ಕೊಡಬೇಕು ಅನ್ನೋದಕ್ಕೆ ಜಗಳ, ಅಳತೆಗೆ ಅಲ್ಲ. ಮನಸ್ಸು ಒಂದಾಗದೆಯೂ ಯೋಚನೆ ಹಂಚಿಕೊಂಡು ಬದುಕಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಓದುವ ಆಸೆ ಇದ್ದರೆ ವೆರ್ನಾಡ್‌ಸ್ಕಿ ಮಹಾಯುದ್ಧದ ನಡುವೆ ಬರೆದ ಲೇಖನದಿಂದ ಶುರು ಮಾಡಿ. ಅದು ಇಂಗ್ಲಿಷ್‌ನಲ್ಲಿ ಬಂದದ್ದು ಅವರು ತೀರಿಕೊಂಡ 1945ರ ಜನವರಿಯಲ್ಲಿ. ಚಿಕ್ಕದು, ವಿಜ್ಞಾನ ಓದದವರಿಗೂ ಅರ್ಥವಾಗುತ್ತದೆ. ಟೇಯಾರ್ ಆಮೇಲೆ ಓದಿ, ಮೆಡಾವರ್ ಟೀಕೆಯನ್ನೂ ಜೊತೆಗೇ ಇಟ್ಟುಕೊಳ್ಳಿ.