‘ಸ್ಟೇಬಲ್’ ಅಂದರೆ ಹಳೆಯದೇ?

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರ್‌ನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ (2023ರಲ್ಲಿ ಬಂದ ‘ಸ್ಟೇಬಲ್’ ಆವೃತ್ತಿ) ಇದೆ. ಆಡಿಟ್‌ಗೆ ಬಂದವರು ‘ಓಪನ್‌ಎಸ್‌ಎಸ್‌ಎಚ್ 9.2 ಅಪಾಯಕಾರಿ, 9.8ಕ್ಕೆ ಏರಿಸಿ’ ಎಂದು ಬರೆದಿದ್ದಾರೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ತಂತ್ರಾಂಶ ಅದು). ಎಷ್ಟು ಅಪ್‌ಡೇಟ್ ಮಾಡಿದರೂ 9.2ರಲ್ಲೇ ನಿಂತಿದೆ. ಏನು ಮಾಡಲಿ?

ಉತ್ತರ: 9.2 ಎಂಬಲ್ಲಿಗೆ ಓದು ನಿಲ್ಲಿಸಬೇಡಿ, ಅದರ ಬಾಲವನ್ನೂ ನೋಡಿ. ‘dpkg -l openssh-server’ ಎಂದು ಕೊಟ್ಟಾಗ ‘9.2p1-2+deb12u3’ ಅಥವಾ ಅದಕ್ಕೂ ದೊಡ್ಡ ‘ಯು’ (u) ಸಂಖ್ಯೆ ಬಂದರೆ ಗಾಬರಿ ಬೇಡ. 2024ರ ಜುಲೈನಲ್ಲಿ ಬಯಲಾದ ಸಿವಿಇ-2024-6387 (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ದೋಷವನ್ನು ಓಪನ್‌ಎಸ್‌ಎಸ್‌ಎಚ್ ತಂಡ 9.8ರಲ್ಲಿ ಸರಿಪಡಿಸಿತು. ಡೆಬಿಯನ್ ಆ ಒಂದು ದೋಷದ ಪರಿಹಾರವನ್ನಷ್ಟೇ 9.2ಕ್ಕೆ ಸೇರಿಸಿ ‘ಯು3’ ಎಂದು ಕೊಟ್ಟಿತು. ಬ್ಯಾಕ್‌ಪೋರ್ಟ್ ಅನ್ನುವುದು ಇದನ್ನೇ. ಸರ್ವರ್ ತನ್ನ ಆವೃತ್ತಿ ಹೇಳುವ ಸಾಲಿನ, ಅಂದರೆ ಬ್ಯಾನರ್‌ನ, ಮೊದಲ ಅಂಕಿ ನೋಡಿ ತೀರ್ಪು ಕೊಡುವ ಸ್ಕ್ಯಾನರ್‌ಗೆ ಇದು ಕಾಣುವುದಿಲ್ಲ. ಡೆಬಿಯನ್‌ನ ಭದ್ರತಾ ದೋಷಗಳ ಪಟ್ಟಿಯಾದ ಸೆಕ್ಯುರಿಟಿ ಟ್ರ್ಯಾಕರ್ ತಾಣದಲ್ಲಿ ಆ ಸಿವಿಇ ಸಂಖ್ಯೆ ಹುಡುಕಿ, ಆ ಪುಟವನ್ನೇ ಆಡಿಟ್ ಉತ್ತರಕ್ಕೆ ಲಗತ್ತಿಸಿ.

ಸ್ಟೇಬಲ್ ಎಂದರೆ ದೋಷವೇ ಇಲ್ಲ ಎಂದಲ್ಲ, ವರ್ತನೆ ಬದಲಾಗುವುದಿಲ್ಲ ಎಂದು. ಡೆಬಿಯನ್ 12 ಬಂದ 2023ರ ಜೂನ್‌ನಲ್ಲಿ ಬರೆದ ಕಾನ್ಫಿಗ್ ಫೈಲ್ ಡೆಬಿಯನ್ 12 ಇರುವವರೆಗೂ ನಡೆಯಬೇಕು. ಹೊಸತೆಲ್ಲ ಸುರಕ್ಷಿತವೂ ಅಲ್ಲ: ಈ ದೋಷ ನುಸುಳಿದ್ದು 8.5ರಲ್ಲಿ, ಹಾಗಾಗಿ 8.4 ಇದ್ದ ಡೆಬಿಯನ್ 11ಕ್ಕೆ ಅದು ತಟ್ಟಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಎಕ್ಸ್‌ಝಡ್ ಹಿಂಬಾಗಿಲೂ (ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದಲ್ಲಿ ಅಡಗಿಸಿದ್ದ ಕಳ್ಳದಾರಿ) ಡೆಬಿಯನ್‌ನ ಪರೀಕ್ಷಾ ಹಂತದ ಟೆಸ್ಟಿಂಗ್, ಅನ್‌ಸ್ಟೇಬಲ್‌ಗಳಲ್ಲಿತ್ತು, ಸ್ಟೇಬಲ್‌ನಲ್ಲಿರಲಿಲ್ಲ.

9.8ನ್ನು ನೀವೇ ಕಂಪೈಲ್ ಮಾಡಿ ಕೂರಿಸಿದರೆ ಮುಂದಿನ ದೋಷಕ್ಕೆ ಆಪ್ಟ್ (ಡೆಬಿಯನ್‌ನ ಅಪ್‌ಡೇಟ್ ಸಾಧನ) ಪರಿಹಾರ ತರುವುದಿಲ್ಲ, ನೀವೇ ಕಾಯಬೇಕು. ಟೆಸ್ಟಿಂಗ್ ರೆಪೊಸಿಟರಿ ಬೆರೆಸಿದರೆ ಇನ್ನೂ ಫಜೀತಿ: ಹೊಸ ಪ್ಯಾಕೇಜು ತನ್ನ ಜೊತೆ ಹೊಸ ಲಿಬ್‌ಸಿಯನ್ನೂ (ಬಹುತೇಕ ಪ್ರೋಗ್ರಾಂಗಳು ಆತುಕೊಂಡಿರುವ ಮೂಲ ಲೈಬ್ರರಿ) ಎಳೆದು ತರಬಹುದು, ಅಲ್ಲಿಂದ ಹಿಂದಕ್ಕೆ ಬರುವುದು ಕಷ್ಟ. ಡೆಬಿಯನ್ ಬಳಗ ಇದನ್ನು ‘ಫ್ರಾಂಕೆನ್‌ಡೆಬಿಯನ್’ (ಫ್ರಾಂಕೆನ್‌ಸ್ಟೈನ್ ಕಥೆಯ ತೇಪೆ ಹಚ್ಚಿದ ಜೀವಿಯಂತೆ) ಎಂದು ಗೇಲಿ ಮಾಡುವುದು ಸುಮ್ಮನೆ ಅಲ್ಲ.

ಪ್ರಶ್ನೆ: ನಾನೊಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ ಬರೆದಿದ್ದೇನೆ. ಅದನ್ನು ಸ್ಟೇಬಲ್ ಎಂದು ಯಾವಾಗ ಕರೆಯಬಹುದು?

ಉತ್ತರ: ಫಂಕ್ಷನ್ ಹೆಸರು, ಡೀಫಾಲ್ಟ್ ಮೌಲ್ಯಗಳನ್ನು ಇನ್ನು ಮುಟ್ಟುವುದಿಲ್ಲ ಎನ್ನುವ ಧೈರ್ಯ ಬಂದಾಗ. ಅಲ್ಲಿಯವರೆಗೆ 0.9, 0.10 ಎನ್ನುತ್ತಿರಿ, ನಾಚಿಕೆಯಿಲ್ಲ. 1.0 ಕೊಟ್ಟ ದಿನವೇ ಸ್ಟೇಬಲ್‌ಗೆಂದು ಬೇರೆ ಬ್ರಾಂಚ್ (ಕೋಡ್‌ನ ಕವಲು) ತೆರೆದು, ಎಲ್ಲಿಯವರೆಗೆ ನೋಡಿಕೊಳ್ಳುತ್ತೀರೆಂದು ರೀಡ್‌ಮಿಯಲ್ಲಿ ತಾರೀಖು ಹಾಕಿ. ತಿದ್ದುಪಡಿ ಮೊದಲು ಮುಖ್ಯ ಕವಲಾದ ಮೇನ್‌ಗೆ, ಆಮೇಲೆ ಚೆರಿ-ಪಿಕ್ ಮಾಡಿ (ಅದೊಂದನ್ನೇ ಆರಿಸಿ ನಕಲಿಸಿ) ಸ್ಟೇಬಲ್‌ಗೆ. ಉಲ್ಟಾ ಮಾಡಿದರೆ ಮುಂದಿನ ಆವೃತ್ತಿಯಲ್ಲಿ ಅದೇ ದೋಷ ಮತ್ತೆ ಹಾಜರ್. ಲಿನಕ್ಸ್ ಕರ್ನಲ್‌ನ ಸ್ಟೇಬಲ್ ನಿಯಮವೂ ಹೀಗೇ, ಜೊತೆಗೆ ಪ್ಯಾಚ್ 100 ಸಾಲು ಮೀರಬಾರದು ಎನ್ನುತ್ತದೆ. ಪ್ರತಿ ತಿದ್ದುಪಡಿಯ ಪಕ್ಕ ಅದು ಯಾಕೆ ಬೇಕು ಎಂದು ಕಾಮೆಂಟ್ ಬರೆಯಿರಿ. ಮೇಲೆ ಹೇಳಿದ ಎಸ್‌ಎಸ್‌ಎಚ್ ದೋಷ 2006ರಲ್ಲೇ ಸರಿಯಾಗಿತ್ತು, 8.5ಕ್ಕಾಗಿ ಕೋಡ್ ಬದಲಿಸುವಾಗ ಆ ಕಾವಲು ಸಾಲು ಅರಿವಿಲ್ಲದೆ ಅಳಿಸಿಹೋಗಿತ್ತು.