ಅವ್ವನ ಗುಳಿಗಿಗೆ ಎರಡು ರೇಟು ಯಾಕ?

ಗಂಗಾವತಿಯಿಂದ ಓದುಗರೊಬ್ರು ಬರದಾರ: "ನಮ್ಮವ್ವಗ ಮೊಣಕಾಲು ನೋವು. ಡಾಕ್ಟ್ರು ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್ ಎರಡೂ ಇರೋ ಗುಳಿಗಿ ಬರ್ದಾರ. ಒಂದ್ ಮೆಡಿಕಲ್‌ನಾಗ 10 ಗುಳಿಗಿಗೆ 92 ರೂಪಾಯಿ ತಗೊಂಡ್ರು, ಇನ್ನೊಂದ್ ಕಡೆ ಬೇರೆ ಹೆಸರಿಂದು 48ಕ್ಕ ಕೊಟ್ರು. ಕಡಿಮಿ ರೇಟಿಂದು ಡೂಪ್ಲಿಕೇಟ್ ಇರ್ತಾವೇನ್ರಿ?"

ರೇಟ್ ಕಡಿಮಿ ಐತಿ ಅಂದ್ಕೂಡಲೇ ಡೂಪ್ಲಿಕೇಟ್ ಅನ್ನಬ್ಯಾಡ್ರಿ. ಎರಡೂ ಸ್ಟ್ರಿಪ್ ಬಾಜೂಕ್ಕ ಇಟ್ಕೊಂಡು ಕಂಪನಿ ಇಟ್ಟ ದೊಡ್ಡ ಹೆಸರು ಬಿಟ್ಟು ಸಣ್ಣ ಅಕ್ಷರದಾಗಿರೋ ಔಷಧದ ಹೆಸರು ಮತ್ತ ಎಷ್ಟು ಮಿಲಿಗ್ರಾಂ ಅನ್ನೋದು ಓದ್ರಿ. ಎರಡೂ ಕಡೆ ಅದ ಇದ್ರ ನೀವು ಹೆಚ್ಚಿಗಿ ಕೊಟ್ಟ 44 ರೂಪಾಯಿ ಆ ಹೆಸರಿಗೆ ಹೋತು ಅಂತ ತಿಳ್ಕೋರಿ.

ಸರ್ಕಾರದ ಅಗತ್ಯ ಔಷಧಗಳ ಪಟ್ಟಿ ಅಂತ ಐತಿ. ಅದರಾಗ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಅದಾವು, ಅವಕ್ಕ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಇಷ್ಟರ ಮ್ಯಾಲ ಮಾರಂಗಿಲ್ಲ ಅಂತ ಬೆಲೆ ಕಟ್ಟಿರ್ತಾರ. ಆದ್ರ ನಿಮ್ಮವ್ವನ ಎರಡು ಔಷಧ ಕೂಡಿದ ಗುಳಿಗಿ ಆ ಪಟ್ಟಿಯಾಗ ಇಲ್ಲ. ಪಟ್ಟಿ ಹೊರಗಿನ ಔಷಧಕ್ಕ ಕಂಪನಿ ವರ್ಷಕ್ಕ 10% ತನಕ ಎಂ.ಆರ್.ಪಿ ಏರಿಸಬಹುದು, ಅದಕ್ಕ ಒಂದ ಗುಳಿಗಿಗೆ ಹತ್ತಾರು ರೇಟು. ಬೋರ್ಡ್ ಮ್ಯಾಲೆ 20% ಡಿಸ್ಕೌಂಟ್ ಅಂತ ಬರದಿದ್ದೂ ನಂಬಿ ಕೂಡಬ್ಯಾಡ್ರಿ, ಮೊದ್ಲ ಎಂ.ಆರ್.ಪಿ ದೊಡ್ಡದಾಗಿ ಅಚ್ಚು ಹಾಕಿದ್ರ ಡಿಸ್ಕೌಂಟ್ ಕಳದ ಮ್ಯಾಲೂ ಅದು ತುಟ್ಟಿನ. ಒಂದ್ ಗುಳಿಗಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕ್ರಿ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಬಹಳಷ್ಟು ಔಷಧದ ಮ್ಯಾಲಿನ ಜಿಎಸ್‌ಟಿ 12ರಿಂದ 5%ಗೆ ಇಳಿದೈತಿ, ಎಂ.ಆರ್.ಪಿಯೊಳಗ ತೆರಿಗಿ ಸೇರೇ ಇರ್ತದ, ಅದಕ್ಕ ಹಳೇ ಸ್ಟ್ರಿಪ್ ಇದ್ರ ಹೊಸ ರೇಟ್ ಲಿಸ್ಟ್ ತೋರಸ್ರಿ ಅಂತ ಕೇಳ್ರಿ. 10 ಬ್ಯಾಡ, 4 ಸಾಕು ಅಂದ್ರ ನಾಕರ ಪಾಲಿನ ದುಡ್ಡಷ್ಟ ತಗೋಬೇಕು, ಇದೂ ಮ್ಯಾಲ ಹೇಳಿದ ಬೆಲೆ ನಿಯಂತ್ರಣ ಆದೇಶದಾಗ ಐತಿ.

ನಮ್ಮ ಮನ್ಯಾಗೂ ಹಿಂಗ ಆಗಿತ್ತು. ಅಪ್ಪನ ನಡನೋವಿಗೆ ಎಂಟು ತಿಂಗಳು ನಾನು ಒಂದ ಹೆಸರಿನ ತುಟ್ಟಿ ಗುಳಿಗಿ ತರ್ತಿದ್ದೆ. ಮಗನ ರೊಕ್ಕ ಉಳೀಲಿ ಅಂತ ಅಪ್ಪ ದಿನಕ್ಕ ಎರಡಿದ್ದದ್ದು ಒಂದಕ್ಕ ಇಳಿಸಿ ರಾತ್ರಿಯೆಲ್ಲ ನರಳ್ತಿದ್ದ, ನನಗ ಗೊತ್ತಾಗಿದ್ದು ಬಹಳ ತಡವಾಗಿ. ಅವತ್ತಿಂದ ಚೀಟಿ ಹಿಡ್ಕೊಂಡು ನಿಂತವ್ರನ್ನ ಕಂಡ್ರ ಸುಮ್ಮನಿರಾಕ ಆಗಂಗಿಲ್ಲ ನನಗ.

ಮುಂದಿನ ಸಲ ಹೋದಾಗ ಡಾಕ್ಟ್ರಿಗೇ ಹೇಳ್ರಿ, "ಸಾಹೇಬ್ರ, ಕಂಪನಿ ಇಟ್ಟ ಹೆಸರು ಬ್ಯಾಡ, ಔಷಧದ ಹೆಸರ ಬರದ ಕೊಡ್ರಿ, ಜನೌಷಧಿಯಾಗ ತಗೋತೀವಿ" ಅಂತ. ನಾಚಿಕಿ ಏನೂ ಇಲ್ಲ ಇದರಾಗ. ಎಲ್ಲೇ ತಗೊಂಡ್ರೂ ಬಿಲ್ ಬಿಡಬ್ಯಾಡ್ರಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡ್ರಿ. ಆದ್ರ ಅಗ್ಗ ಅಂತ ಬ್ಯಾರೆ ಔಷಧಕ್ಕಾಗಲಿ ಬ್ಯಾರೆ ಮಿಲಿಗ್ರಾಂಗಾಗಲಿ ನೀವ ಬದಲಾಯಿಸಬ್ಯಾಡ್ರಿ. ಟ್ರಮಡಾಲ್‌ನಂಥ ಜೋರು ನೋವಿನ ಗುಳಿಗಿ ಚೀಟಿ ಇಲ್ಲದ ಕೊಡಂಗಿಲ್ಲ, ಅಂಗಡಿಯವ್ರು ರಿಜಿಸ್ಟರ್‌ನಾಗ ಬರಕೊಂಡ ಕೊಡಬೇಕು, ಅದಕ್ಕ ಅವ್ರ ಮ್ಯಾಲೆ ಸಿಟ್ಟಾಗಬ್ಯಾಡ್ರಿ.

ಅವ್ವ ಎಷ್ಟು ತಿಂಗಳಿಂದ ಈ ಗುಳಿಗಿ ತಗೋತಾರ ಅಂತ ನೀವು ಬರದಿಲ್ಲ. ಅಸಿಕ್ಲೋಫೆನಾಕ್ ಬಹಳ ದಿನ ನುಂಗಿದ್ರ ಹೊಟ್ಟಿಗೂ ಕಿಡ್ನಿಗೂ ಪೆಟ್ಟು ಬೀಳಬಹುದು. ಸಕ್ಕರಿ, ಬಿಪಿ ಏನಾರ ಇದ್ರ ರೇಟಿನ ವಿಚಾರ ಆಮ್ಯಾಲ ಇರಲಿ, ಇನ್ನೂ ಎಷ್ಟು ದಿನ ಕೊಡಬೇಕು ಅಂತ ಈ ವಾರನ ಡಾಕ್ಟ್ರಿಗೆ ಕೇಳ್ರಿ.