ಆ ಪತ್ರ ಮಗನಿಗೆ ಕೊಡಬೇಡಿ

ಹೆಸರು ಹಾಕಬೇಡಿ ಎಂದು ಬರೆದಿರುವ ಓದುಗರಿಗೆ,

ನಮಸ್ಕಾರ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯವನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಿಮಗೀಗ 47 ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆ ಕೊರಗಿನಲ್ಲಿ, 22ನೇ ವಯಸ್ಸಿನ ನಿಮಗೇ ನೀವೊಂದು ಪತ್ರ ಬರೆದುಕೊಂಡಿದ್ದೀರಿ. ‘ಕೆಲಸ ಎಲ್ಲಿಗೂ ಓಡಿಹೋಗಲ್ಲ, ಅಪ್ಪನ ಫೋನ್ ತೆಗಿ’ ಅಂತ. ಅದನ್ನು 19 ವರ್ಷದ ಮಗನಿಗೆ ಓದಲು ಕೊಡಲೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲಿದೆ: ಅಮ್ಮನಿಗೆ ಈಗ ಕಿವಿ ಮಂದ, ಫೋನಿನಲ್ಲಿ ಎರಡು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ. ಇಡೀ ಪತ್ರದಲ್ಲಿ ನನಗೆ ಜಾಸ್ತಿ ತಟ್ಟಿದ್ದು ಆ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 22ರ ಹುಡುಗಿಯ ಪರವಾಗಿ ಎರಡು ಮಾತು. ಅವಳನ್ನು ತುಂಬಾ ಬೈದಿದ್ದೀರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ದಶಕಗಳಿಂದ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. ಮುಂದೆ ಬೇಕಾದಷ್ಟು ಕಾಲ ಇದೆ ಅನ್ನಿಸಿದಾಗ ಮನುಷ್ಯರು ಹೊಸ ಜನ, ಹೊಸ ಕಲಿಕೆ ಹುಡುಕಿಕೊಂಡು ಹೋಗುತ್ತಾರೆ. ಕಾಲ ಕಡಿಮೆ ಅನ್ನಿಸಿದಾಗ ತಮ್ಮವರ ಹತ್ತಿರ ಬರುತ್ತಾರೆ. ಇದು ಬರೀ ವಯಸ್ಸಿನ ಮಾತಲ್ಲ. ಅವರ ತಂಡದ ಅಧ್ಯಯನಗಳಲ್ಲಿ, ಗಂಭೀರ ಕಾಯಿಲೆ ಬಂದ ಯುವಕರು ವಯಸ್ಸಾದವರ ಹಾಗೆಯೇ ಆಪ್ತರ ಕಡೆಗೆ ಒಲಿದರು. ‘ಹೊಸ ಚಿಕಿತ್ಸೆ ಬಂದಿದೆ, ಇನ್ನೂ 20 ವರ್ಷ ಹೆಚ್ಚು ಬದುಕುತ್ತೀರಿ ಅಂದುಕೊಳ್ಳಿ’ ಎಂದಾಗ ವಯಸ್ಸಾದವರ ಆಯ್ಕೆಯೂ ಯುವಕರ ಥರ ಆಯಿತು.

ಹಾಗಾಗಿ ಆ ಹುಡುಗಿಗೆ ಅಪ್ಪನ ಮೇಲೆ ಪ್ರೀತಿ ಕಡಿಮೆ ಇತ್ತು ಎಂದು ನಾನು ಒಪ್ಪುವುದಿಲ್ಲ. ಅಪ್ಪ ಯಾವಾಗಲೂ ಇರುತ್ತಾರೆ ಅನ್ನೋ ನಂಬಿಕೆ ಅವಳಿಗಿತ್ತು. ಅಂಥ ನಂಬಿಕೆ ಬರುವ ಹಾಗೆ ಅವಳನ್ನು ಬೆಳೆಸಿದವರು ಅಪ್ಪನೇ ಅಲ್ವಾ?

ಇನ್ನೊಂದು ಲೆಕ್ಕ ನೋಡಿ. ಹುಟ್ಟಿದಾಗಿನಿಂದ 18 ವರ್ಷ ಹೆತ್ತವರ ಜೊತೆ ಇದ್ದರೆ 6,570 ದಿನ. ಆಮೇಲೆ ವರ್ಷಕ್ಕೆ 15 ದಿನ ಬಂದುಹೋದರೆ 25 ವರ್ಷಕ್ಕೆ 375 ದಿನ. ಈ ಲೆಕ್ಕ ಹೇಳಿ ಹೆದರಿಸುವವರೇ ಜಾಸ್ತಿ. ನನಗೆ ಅದರಲ್ಲಿ ಸಮಾಧಾನವೂ ಕಾಣುತ್ತದೆ. ಅಪ್ಪನ ಜೊತೆಗಿನ ಕಾಲದ ಬಹುಪಾಲು ನಿಮಗೆ ಸಿಕ್ಕಿಬಿಟ್ಟಿತ್ತು. ಏನೂ ವಿಶೇಷವಿಲ್ಲದ, ಈಗ ನೆನಪಿಗೂ ಬಾರದ ದಿನಗಳು ಅವು. ಆದರೂ ನಿಮ್ಮವೇ.

ಈಗ ಅಮ್ಮನ ವಿಷಯ. ವಯಸ್ಸಾದಂತೆ ಕಿವಿಗೆ ಮೊದಲು ಕೈಕೊಡುವುದು ತೆಳ್ಳಗಿನ, ಎತ್ತರದ ಸ್ವರಗಳು. ಸ, ಶ, ತ ಇಂಥ ಅಕ್ಷರಗಳ ಸದ್ದೇ ಜಾರಿಹೋಗುತ್ತದೆ. ಅದಕ್ಕೇ ಹಿರಿಯರು ‘ಕೇಳಿಸುತ್ತೆ, ಏನಂದೆ ಅಂತ ಗೊತ್ತಾಗಲ್ಲ’ ಅನ್ನುತ್ತಾರೆ. ಲ್ಯಾಂಡ್‌ಲೈನ್‌ನಂಥ ಹಳೇ ಮಾದರಿಯ ಫೋನ್ ಕರೆ ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನ, ಅಂದರೆ ಇಂಥ ತೆಳ್ಳಗಿನ ಸದ್ದನ್ನು ಕತ್ತರಿಸಿಬಿಡುತ್ತದೆ. ಜೊತೆಗೆ ತುಟಿಯೂ ಕಾಣುವುದಿಲ್ಲ. ಅಮ್ಮ ಮಾತು ಮುಗಿಸುವುದು ಬೇಸರದಿಂದಲ್ಲ, ಎಷ್ಟು ಸಲ ‘ಏನು?’ ಅಂತ ಕೇಳುವುದು ಅನ್ನೋ ಸಂಕೋಚದಿಂದ ಇರಬಹುದು. ದಯವಿಟ್ಟು ಇದನ್ನು ಸುಮ್ನೆ ಬಿಡಬೇಡಿ. ಕಿವಿ ಪರೀಕ್ಷೆ ಮಾಡಿಸಿ. ವಿಡಿಯೊ ಕರೆ ಮಾಡಿ. ಹೋದಾಗ ಟಿವಿ ಆರಿಸಿ, ನಿಮ್ಮ ಮುಖಕ್ಕೆ ಬೆಳಕು ಬೀಳುವ ಹಾಗೆ ಎದುರಿಗೆ ಕೂತು ನಿಧಾನವಾಗಿ ಮಾತಾಡಿ. ಕಿರುಚಿದರೆ ಮಾತು ಇನ್ನೂ ಕಲಸಿಹೋಗುತ್ತದೆ. ಒಂದು ಮಾತು ಅರ್ಥವಾಗಲಿಲ್ಲ ಅಂದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಏನು ಮಾತಾಡುತ್ತೀರಿ ಅನ್ನೋದೂ ಮುಖ್ಯ. ‘ಹುಷಾರಾಗಿದ್ದೀಯಾ, ಮಾತ್ರೆ ತಗೊಂಡ್ಯಾ’ ಎಂದು ಕೇಳಿದರೆ ಎರಡೇ ನಿಮಿಷ. ‘ನಿನ್ನ ಜೀವನದ ಕಥೆ ಹೇಳು’ ಅಂದರೆ ‘ಹೇಳೋಕೆ ಏನಿದೆ’ ಎಂಬ ಉತ್ತರ ಬರುತ್ತದೆ. ಹಿರಿಯರಿಗೆ ಹೆಚ್ಚು ನೆನಪಿರುವುದು ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳು. ಅಂದರೆ ನೀವು ಹುಟ್ಟುವ ಮೊದಲಿನ ಅಮ್ಮ, ನೀವು ನೋಡೇ ಇಲ್ಲದ ಹುಡುಗಿ! ಹಾಗಾಗಿ ಸಣ್ಣ ಪ್ರಶ್ನೆ ಕೇಳಿ. 17ರಲ್ಲಿ ಗೆಳತಿ ಯಾರು? ಅವಳ ಜೊತೆ ಯಾಕೆ ಜಗಳವಾಯಿತು? ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದ ಕೆಲಸ ಯಾವುದು? ಅಪ್ಪನನ್ನು ಮೊದಲ ಸಲ ಕಂಡಾಗ ಏನನ್ನಿಸಿತು? ಹಳೇ ಫೋಟೊ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೂಲೆಯಲ್ಲಿ ನಿಂತವರು ಯಾರು ಅಂತ ಕೇಳಿ.

ಅಮೆರಿಕದಲ್ಲಿ 2003ರಲ್ಲಿ ಶುರುವಾದ ಸ್ಟೋರಿಕಾರ್ಪ್ಸ್ ಎಂಬ ಸಂಸ್ಥೆ ಇದನ್ನೇ ಮಾಡಿಸುತ್ತದೆ. ಪರಿಚಯದ ಇಬ್ಬರು ಎದುರುಬದುರು ಕೂತು 40 ನಿಮಿಷ ಮಾತಾಡುತ್ತಾರೆ, ಅದು ರೆಕಾರ್ಡ್ ಆಗುತ್ತದೆ. ನಿಮಗೆ ಯಾವ ಸಂಸ್ಥೆಯೂ ಬೇಡ. ಅಮ್ಮನ ಒಪ್ಪಿಗೆ, ಒಂದು ಮೊಬೈಲ್ ಸಾಕು.

ಇನ್ನು ಮಗ. ಪತ್ರ ಕೊಡಬೇಡಿ. ಅವನಿಗೆ ಅದು ಬುದ್ಧಿಮಾತಾಗಿ ಕೇಳಿಸುವುದಿಲ್ಲ, ‘ನನಗೂ ಹೀಗೆ ಮಾಡಬೇಡ’ ಅನ್ನೋ ದೂರಾಗಿ ಕೇಳಿಸುತ್ತದೆ. 19ರ ಹುಡುಗ ಹೊರಗೆ ನೋಡಲಿ, ನೋಡಬೇಕು. ಅವನಿಂದ ಒಂದು ಸಹಾಯ ಮಾತ್ರ ಕೇಳಿ. ಮುಂದಿನ ಸಲ ಅಜ್ಜಿ ಹತ್ತಿರ ಹೋಗುವಾಗ ಜೊತೆಗೆ ಬಂದು ರೆಕಾರ್ಡ್ ಮಾಡಿಕೊಡಲಿ, ಒಂದೆರಡು ಪ್ರಶ್ನೆ ಅವನೇ ಕೇಳಲಿ. ಮೊಮ್ಮಕ್ಕಳು ಕೇಳಿದರೆ ಹಿರಿಯರು ಮಕ್ಕಳಿಗೆ ಹೇಳದ್ದನ್ನೂ ಹೇಳಿಬಿಡುತ್ತಾರೆ. ತಾತನ ಬಗ್ಗೆ ಅಜ್ಜಿ ಏನಾದರೂ ಹೇಳಿದರೆ, ನಿಮಗೆ ಗೊತ್ತಿದ್ದ ಕಥೆಯಾದರೂ ನಡುವೆ ಬಾಯಿ ಹಾಕಬೇಡಿ.

– ಸಂಪಾದಕ